ಸೋಮ, ಬುಧ, ಶುಕ್ರದ ಮಾತ್ರೆ

ವಾರದಲ್ಲಿ ಮೂರು ದಿನ ರಾತ್ರಿ ಒಂಬತ್ತಕ್ಕೆ ನನ್ನ ಫೋನ್ ಬಡಿದುಕೊಳ್ಳುತ್ತದೆ. ಸೋಮವಾರ, ಬುಧವಾರ, ಶುಕ್ರವಾರ. ಊಟ ಮುಗಿಸಿ ಅಜಿತ್ರೋಮೈಸಿನ್ ಅನ್ನುವ ಆ್ಯಂಟಿಬಯೋಟಿಕ್ ಮಾತ್ರೆ ನುಂಗುತ್ತೇನೆ. ಮೊದಲು 500 ಮಿಲಿಗ್ರಾಂ ಇತ್ತು, ಈಗ 250. ಏಳು ವರ್ಷದಿಂದ ನಡೆದಿದೆ. ನಡುವೆ ಎರಡು ಸಲ ನಿಂತಿತ್ತು. ಒಂದು ಸಲ ಡಾಕ್ಟರ್ ನಿಲ್ಲಿಸಿದ್ದು, ಇನ್ನೊಂದು ಸಲ ನಾನೇ ಜಾಣತನ ತೋರಿಸಲು ಹೋಗಿ ನಿಲ್ಲಿಸಿದ್ದು.

ನನಗಿರುವುದು ಬ್ರಾಂಕಿಯೆಕ್ಟಾಸಿಸ್. ಹೆಸರು ಬಾಯಿ ತುಂಬ ಇದೆ, ವಿಷಯ ಇಷ್ಟೇ: ಶ್ವಾಸನಾಳಗಳು ಕೆಲವು ಕಡೆ ಹಿಗ್ಗಿ ಸಡಿಲವಾಗಿವೆ. ಹಳೇ ಕಾಲುಚೀಲದ ಎಲಾಸ್ಟಿಕ್ ಹಾಗೆ, ಮತ್ತೆ ಬಿಗಿಯಾಗುವುದಿಲ್ಲ. ಆ ಜಾಗದಲ್ಲಿ ಕಫ ನಿಲ್ಲುತ್ತದೆ, ನಿಂತ ಕಫದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದರ ಮೇಲೆ ದೇಹ ಮಾಡುವ ಯುದ್ಧದಲ್ಲಿ ನಾಳ ಇನ್ನಷ್ಟು ಹಾಳಾಗುತ್ತದೆ. ಆಮೇಲೆ ಇನ್ನೂ ಜಾಸ್ತಿ ಕಫ ನಿಲ್ಲುತ್ತದೆ. ಸ್ಟೆತಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ವೈದ್ಯ ಲಾಯೆನೆಕ್ 1819ರಲ್ಲೇ ಈ ಕಾಯಿಲೆಯನ್ನು ವರ್ಣಿಸಿದ್ದ. ನನಗೆ ಗೊತ್ತಾಗಿದ್ದು ಮಾತ್ರ ಆರು ವರ್ಷ ಕೆಮ್ಮಿದ ಮೇಲೆ, ಒಂದು ಸಿಟಿ ಸ್ಕ್ಯಾನ್‌ನಲ್ಲಿ. ಅಲ್ಲಿಯವರೆಗೆ ಅದು 'ಅಲರ್ಜಿ ಕೆಮ್ಮು'. ಪ್ರತಿ ಸಲ ಐದು ದಿನದ ಆ್ಯಂಟಿಬಯೋಟಿಕ್, ಆಮೇಲೆ ಮೂರು ವಾರ ಆರಾಮ, ಮತ್ತೆ ಅದೇ ಕೆಮ್ಮು.

ನಾನು ಡಾಕ್ಟರಲ್ಲ. ಲೆಕ್ಕಪತ್ರ ಬರೆಯುವ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಕಳೆದವಳು. ಹಾಗಾಗಿ ಕಾಯಿಲೆಗೂ ಒಂದು ಲೆಕ್ಕದ ಪುಸ್ತಕ ಇಟ್ಟೆ. ಇಲ್ಲಿ ಬರೆಯುತ್ತಿರುವುದೆಲ್ಲ ಆ ಪುಸ್ತಕದಿಂದ ಕಲಿತದ್ದು. ನಿಮ್ಮ ಔಷಧಿ, ನಿಮ್ಮ ಡೋಸ್ ಬೇರೆ ಇರಬಹುದು. ಅದನ್ನು ನಿಮ್ಮ ಡಾಕ್ಟರ ಹತ್ತಿರವೇ ಮಾತಾಡಿ.

ಯಾರಿಗೆಲ್ಲ ಇಷ್ಟು ಉದ್ದದ ಔಷಧಿ

ನನ್ನ ಹಾಗೆ ಎದೆಯ ತೊಂದರೆಯವರು ಮಾತ್ರ ಅಂದುಕೊಳ್ಳಬೇಡಿ. ಗುಲ್ಮ, ಅಂದರೆ ಸ್ಪ್ಲೀನ್, ತೆಗೆಸಿಕೊಂಡವರಲ್ಲಿ ಕೆಲವರು ದಿನಾ ಪೆನಿಸಿಲಿನ್ ತೆಗೆದುಕೊಳ್ಳುತ್ತಾರೆ. ಅವರಿಗೆ ಜ್ವರ ಬಂದರೆ ಅದು ತುರ್ತು. ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟವರಿಗೆ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಬೆನ್ಜಥೀನ್ ಪೆನಿಸಿಲಿನ್ ಇಂಜೆಕ್ಷನ್ ಇರುತ್ತದೆ, ವರ್ಷಾನುಗಟ್ಟಲೆ. ಪದೇ ಪದೇ ಮೂತ್ರದ ಸೋಂಕು ಆಗುವವರಿಗೆ ಕಡಿಮೆ ಡೋಸಿನ ಮಾತ್ರೆ ಕೊಡುವುದುಂಟು. ಅವರಲ್ಲಿ ನೈಟ್ರೋಫ್ಯುರಾಂಟೋಯಿನ್ ತೆಗೆದುಕೊಳ್ಳುವವರು ಹೊಸದಾಗಿ ಒಣಕೆಮ್ಮು, ದಮ್ಮು, ಕೈಕಾಲು ಜೋಮು ಕಂಡರೆ ಸುಮ್ಮನಿರಬಾರದು. ಔಷಧಿ ಬೇರೆ ಬೇರೆ. ಆದರೆ ದಿನ ಕಳೆಯುವ ರೀತಿ ತುಂಬಾ ಹತ್ತಿರ ಹತ್ತಿರ.

ವಾರಕ್ಕೆ ಮೂರೇ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಅಜಿತ್ರೋಮೈಸಿನ್ ದೇಹದಿಂದ ಬೇಗ ಹೋಗುವುದಿಲ್ಲ. ರಕ್ತದಲ್ಲಿ ಅದರ ಅರ್ಧ ಕಡಿಮೆಯಾಗಲು ಸುಮಾರು 68 ಗಂಟೆ ಬೇಕು. ಸೋಮವಾರದ್ದು ಪೂರ್ತಿ ಇಳಿಯುವ ಮೊದಲೇ ಬುಧವಾರದ್ದು ಸೇರುತ್ತದೆ. ಇನ್ನೊಂದು ಸ್ವಾರಸ್ಯ ಇದೆ. ನನ್ನಂಥವರಲ್ಲಿ ಇದು ಬ್ಯಾಕ್ಟೀರಿಯಾ ಕೊಲ್ಲುವುದಕ್ಕಿಂತ ಉರಿಯೂತ ತಗ್ಗಿಸುವ ಕೆಲಸವನ್ನೇ ಜಾಸ್ತಿ ಮಾಡುತ್ತದೆ ಅಂತ ಎದೆಯ ಡಾಕ್ಟರ್ ಹೇಳಿದರು. 2012ರಲ್ಲಿ ಪ್ರಕಟವಾದ ನ್ಯೂಜಿಲೆಂಡಿನ ಒಂದು ಅಧ್ಯಯನದಲ್ಲಿ 141 ಮಂದಿ ಇದ್ದರು. ಆರು ತಿಂಗಳಲ್ಲಿ ಕಾಯಿಲೆ ಕೆರಳಿದ್ದು ಮಾತ್ರೆ ನುಂಗಿದವರಲ್ಲಿ ತಲಾ ಸರಾಸರಿ 0.59 ಸಲ, ಔಷಧಿ ಇಲ್ಲದ ಹುಸಿಮಾತ್ರೆ ನುಂಗಿದವರಲ್ಲಿ 1.57 ಸಲ. ಲೆಕ್ಕದವಳಿಗೆ ಇಷ್ಟು ಸಾಕು. ಆದರೆ 0.59 ಅನ್ನುವುದು ಸೊನ್ನೆ ಅಲ್ವಲ್ಲ. ಮಿಕ್ಕಿದ್ದನ್ನು ಯಾರು ನೋಡಿಕೊಳ್ಳಬೇಕು? ನಾನೇ.

ಶುರು ಮಾಡುವ ಮೊದಲು

ಮಾತ್ರೆ ಬರೆದುಕೊಟ್ಟ ದಿನವೇ ಅಂಗಡಿಗೆ ಓಡಬೇಡಿ. ನನಗೆ ಮೊದಲು ಒಂದು ಇಸಿಜಿ ಆಯಿತು, ಯಾಕೆಂದರೆ ಈ ಗುಂಪಿನ ಔಷಧಿ ಕೆಲವರ ಹೃದಯದ ಬಡಿತದ ಲಯ ಕೆಡಿಸಬಲ್ಲದು. ಇಸಿಜಿಯಲ್ಲಿ 'ಕ್ಯುಟಿ' ಅನ್ನುವ ಅಂತರ ಉದ್ದವಾಗಿದ್ದರೆ ಇದನ್ನು ಕೊಡುವುದಿಲ್ಲ. ಆಮೇಲೆ ಲಿವರ್ ಪರೀಕ್ಷೆ. ಕಿವಿ ಹೇಗಿದೆ ಅಂತ ಕೇಳಿದರು. ನಾನು ಚೆನ್ನಾಗಿದೆ ಅಂದೆ. ಈಗ ಅನ್ನಿಸುತ್ತದೆ, ಆಗಲೇ ಒಂದು ಆಡಿಯೋಗ್ರಾಂ, ಅಂದರೆ ಕಿವಿ ಕೇಳಿಸುವ ಪರೀಕ್ಷೆ, ಮಾಡಿಸಿ ಇಟ್ಟುಕೊಳ್ಳಬೇಕಿತ್ತು. ಹೋಲಿಸಿ ನೋಡಲು ಒಂದು ಹಳೇ ಕಾಗದ ಇರುತ್ತಿತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು ಕಫದ ಕಲ್ಚರ್, ಅಂದರೆ ಕಫದಲ್ಲಿ ಯಾವ ರೋಗಾಣು ಇದೆ ಅಂತ ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ. ಸಾಮಾನ್ಯ ಬ್ಯಾಕ್ಟೀರಿಯಾಗೆ ಒಂದು. ಕ್ಷಯದ ರೋಗಾಣುವಿನ ದಾಯಾದಿಗಳು ಕೆಲವಿವೆ, ಮಣ್ಣಲ್ಲಿ, ನೀರಲ್ಲಿ ಇರುವಂಥವು. ಅವುಗಳಿಗೆ ಬೇರೆ ಪರೀಕ್ಷೆ. ಆ ದಾಯಾದಿಗಳು ಎದೆಯಲ್ಲಿ ಸೇರಿದ್ದರೆ ಅವಕ್ಕೆ ಕೊಡುವ ಚಿಕಿತ್ಸೆಯ ಬೆನ್ನೆಲುಬೇ ಈ ಅಜಿತ್ರೋಮೈಸಿನ್. ಗೊತ್ತಿಲ್ಲದೆ ಅದೊಂದನ್ನೇ ನುಂಗುತ್ತಾ ಹೋದರೆ ಅವು ಅದಕ್ಕೆ ಒಗ್ಗಿಕೊಂಡುಬಿಡುತ್ತವೆ. ಆಮೇಲೆ ನಿಜವಾಗಿ ಬೇಕಾದಾಗ ಔಷಧಿ ಕೈಕೊಡುತ್ತದೆ. ವರದಿ ಬರಲು ವಾರಗಳೇ ಹಿಡಿಯುತ್ತವೆ. ಕಾಯುವುದು ಬೇಜಾರು. ಆದರೂ ಕಾಯಿರಿ.

ಕಫದ ಸ್ಯಾಂಪಲ್ ಕೊಡುವುದರಲ್ಲಿ ನಾನು ಮಾಡಿದ ತಪ್ಪು ಹೇಳುತ್ತೇನೆ. ಬೆಳಿಗ್ಗೆ ಡಬ್ಬಿಗೆ ತೆಗೆದು ಕೈಚೀಲದಲ್ಲಿಟ್ಟುಕೊಂಡು ಕೆಲಸಕ್ಕೆ ಹೋದೆ. ಲ್ಯಾಬಿಗೆ ಕೊಟ್ಟದ್ದು ಸಂಜೆ. ವರದಿಯಲ್ಲಿ 'ಬಾಯಿಯಲ್ಲಿರುವ ಸಾಮಾನ್ಯ ಬ್ಯಾಕ್ಟೀರಿಯಾ ಮಾತ್ರ' ಅಂತ ಬಂತು. ಸರಿಯಾದ ಕ್ರಮ ಹೀಗೆ: ಎದ್ದ ಕೂಡಲೇ ಬರೀ ನೀರಿನಿಂದ ಬಾಯಿ ಮುಕ್ಕಳಿಸಿ. ಎಂಜಲು ಬೇಡ, ಎದೆಯ ಆಳದಿಂದ ಬಂದದ್ದು ಬೇಕು. ಆದಷ್ಟು ಬೇಗ, ಒಂದೆರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ. ಆಗದಿದ್ದರೆ ಮುಚ್ಚಳ ಬಿಗಿದು, ಕವರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ಮನೆಯವರು ಮುಖ ಸಿಂಡರಿಸುತ್ತಾರೆ. ನಮ್ಮನೆಯಲ್ಲೂ ಸಿಂಡರಿಸಿದರು.

ಕಫ ತೆಗೆಯುವ ಕೆಲಸ

ಇಡೀ ಬರಹದಲ್ಲಿ ಒಂದೇ ಒಂದು ಭಾಗ ಓದುವ ತಾಳ್ಮೆ ಇದ್ದರೆ ಇದನ್ನು ಓದಿ. ಮಾತ್ರೆ ವಾರಕ್ಕೆ ಮೂರು ಸಲ, ಕಫ ತೆಗೆಯುವುದು ದಿನಕ್ಕೆ ಎರಡು ಸಲ. ನನಗೆ ಫಿಸಿಯೋಥೆರಪಿಸ್ಟ್ ಕಲಿಸಿದ್ದು ಉಸಿರಾಟದ ಒಂದು ಸುತ್ತು. ಮೊದಲು ಅವರ ಮುಂದೆಯೇ ಮಾಡಿ ಕಲಿಯಿರಿ. ಓದಿದರೆ ಪೂರ್ತಿ ಬರುವುದಿಲ್ಲ. ಆದರೂ ಒಂದು ಅಂದಾಜಿಗೆ ಬರೆಯುತ್ತೇನೆ.

ನೆಟ್ಟಗೆ ಕೂತು ಹೆಗಲು ಸಡಿಲ ಬಿಡಬೇಕು. ಹೊಟ್ಟೆಯ ಮೇಲೆ ಕೈಯಿಟ್ಟು ಐದಾರು ಸಲ ಮೆಲ್ಲಗೆ ಉಸಿರಾಡಬೇಕು. ಆಮೇಲೆ ಮೂರು ನಾಲ್ಕು ಆಳದ ಉಸಿರು. ತುಂಬ ಎಳೆದು, ಮೂರು ಎಣಿಸುವಷ್ಟು ಹಿಡಿದು, ಬಲ ಹಾಕದೆ ಬಿಡಬೇಕು. ಈ ಹಿಡಿದ ಹೊತ್ತಿನಲ್ಲಿ ಗಾಳಿ ಕಫದ ಹಿಂದಕ್ಕೆ ಹೋಗಿ ಅದನ್ನು ತಳ್ಳುತ್ತದೆ. ಮತ್ತೆ ಮೆಲ್ಲಗಿನ ಉಸಿರು. ಇದರ ನಂತರ 'ಹಫ್'. ಕನ್ನಡಿ ಒರೆಸುವ ಮೊದಲು ಅದರ ಮೇಲೆ ಹಾ ಅಂತ ಬಿಸಿಗಾಳಿ ಊದುತ್ತೇವಲ್ಲ, ಅದೇ. ಸಾಧಾರಣ ಉಸಿರು ಎಳೆದು ಉದ್ದಕ್ಕೆ ಊದಿದರೆ ಆಳದ ಕಫ ಮೇಲೆ ಬರುತ್ತದೆ. ಮೇಲೆ ಬಂದು ಗುರುಗುಟ್ಟುವಾಗ ದೊಡ್ಡ ಉಸಿರೆಳೆದು ಚುಟುಕಾಗಿ, ಜೋರಾಗಿ ಊದಬೇಕು. ಬಂದರೆ ಉಗುಳಿ. ಎರಡು ಸುತ್ತು ಹಫ್ ಒಣಗಿದ ಹಾಗೆ ಕೇಳಿಸಿದರೆ ಆ ಹೊತ್ತಿನ ಕೆಲಸ ಮುಗಿಯಿತು. ನನಗೆ ಹದಿನೈದು ನಿಮಿಷ ಸಾಕಾಗುತ್ತದೆ, ಕೆಟ್ಟ ದಿನ ಅರ್ಧ ಗಂಟೆ.

ಬರೀ ಕೆಮ್ಮಿ ಕೆಮ್ಮಿ ತೆಗೆಯಲು ಹೋಗಬೇಡಿ. ಆರು ವರ್ಷ ನಾನು ಮಾಡಿದ್ದು ಅದನ್ನೇ. ಪಕ್ಕೆಲುಬು ನೋವು, ತಲೆನೋವು ಬಿಟ್ಟರೆ ಏನೂ ಬರುತ್ತಿರಲಿಲ್ಲ. ಊಟ ಆದ ತಕ್ಷಣವೂ ಬೇಡ. ತಲೆ ತಗ್ಗಿಸಿ ಮಲಗಿ ಮಾಡುವ ಭಂಗಿಗಳನ್ನು ಎದೆಯುರಿ ಇರುವವರು, ಕಫದಲ್ಲಿ ರಕ್ತ ಬರುವವರು ಕೇಳದೆ ಮಾಡಬಾರದು.

ಇನ್ಹೇಲರ್, ನೆಬ್ಯುಲೈಸರ್ ಇದ್ದವರಿಗೆ ಯಾವುದು ಮೊದಲು ಅನ್ನುವ ಗೊಂದಲ ಇರುತ್ತದೆ. ನನಗೆ ಹೇಳಿಕೊಟ್ಟ ಕ್ರಮ: ಮೊದಲು ನಾಳ ಹಿಗ್ಗಿಸುವ ಇನ್ಹೇಲರ್, ಆಮೇಲೆ ಕಫ ತೆಳು ಮಾಡುವ ಉಪ್ಪುನೀರಿನ ನೆಬ್ಯುಲೈಸೇಷನ್, ಆಮೇಲೆ ಉಸಿರಾಟದ ಸುತ್ತು. ಎದೆಗೆ ಎಳೆದುಕೊಳ್ಳುವ ಆ್ಯಂಟಿಬಯೋಟಿಕ್ ಇದ್ದರೆ ಕೊನೆಗೆ. ಕಸ ಗುಡಿಸದೆ ನೆಲ ಒರೆಸಿದರೆ ಏನಾಗುತ್ತದೆ ಅಂತ ಗೊತ್ತಲ್ಲ. ಗಾಢ ಉಪ್ಪುನೀರಿನ ಮೊದಲ ಡೋಸ್ ಮಾತ್ರ ಆಸ್ಪತ್ರೆಯಲ್ಲೇ ಆಗಲಿ. ಕೆಲವರಿಗೆ ನಾಳ ಬಿಗಿದುಕೊಂಡು ದಮ್ಮು ಬರುತ್ತದೆ.

ಚೆನ್ನಾಗಿರುವ ದಿನವೂ ಮಾಡಬೇಕಾ? ಮಾಡಬೇಕು. ಎರಡು ದಿನ ತಪ್ಪಿಸಿದರೆ ಏನೂ ಆಗುವುದಿಲ್ಲ, ಅದೇ ಇದರ ಮೋಸ. ಹತ್ತನೇ ದಿನ ಗೊತ್ತಾಗುತ್ತದೆ.

ನನ್ನ ಲೆಕ್ಕದ ಪುಸ್ತಕ

ಒಂದು ಸಾಲಿನಲ್ಲಿ ಐದು ಮನೆ. ದಿನಾಂಕ, ಕಫದ ಬಣ್ಣ, ಎಷ್ಟು ಚಮಚ, ದಮ್ಮು ಹೇಗಿದೆ, ಮಾತ್ರೆ ಆಯಿತಾ. ಬಣ್ಣಕ್ಕೆ ಅಂಕಿ ಕೊಟ್ಟಿದ್ದೇನೆ: ಬಿಳಿ 1, ತಿಳಿಹಳದಿ 2, ಗಟ್ಟಿ ಹಳದಿ 3, ಹಸಿರು 4. ನನ್ನ ಮಾಮೂಲಿ ದಿನ 2. ಎಲ್ಲರಿಗೂ ಮಾಮೂಲಿ ಬೇರೆ ಬೇರೆ. ಅದನ್ನು ಮೊದಲು ಗೊತ್ತು ಮಾಡಿಕೊಳ್ಳಬೇಕು.

ಹಸಿರು ಬಣ್ಣ ಬ್ಯಾಕ್ಟೀರಿಯಾದ್ದು ಅಂದುಕೊಂಡಿದ್ದೆ. ಅದು ನಮ್ಮದೇ ಬಿಳಿ ರಕ್ತಕಣಗಳಲ್ಲಿರುವ ಒಂದು ಕಿಣ್ವದ ಬಣ್ಣವಂತೆ. ಯುದ್ಧಕ್ಕೆ ಹೋದ ನಮ್ಮ ಕಡೆಯವರ ಸಮವಸ್ತ್ರ. ಹಾಗಾಗಿ ಒಂದು ದಿನ ಬಣ್ಣ ಬದಲಾಯಿತು ಅಂತ ಗಾಬರಿ ಬೇಡ. ನನ್ನ ಪುಸ್ತಕದ ಮೊದಲ ಪುಟದಲ್ಲಿ ಆರು ವಿಷಯ ಬರೆದಿಟ್ಟಿದ್ದೇನೆ. ಕೆಮ್ಮು, ಕಫದ ಪ್ರಮಾಣ ಅಥವಾ ಗಟ್ಟಿತನ, ಕಫದ ಬಣ್ಣ, ದಮ್ಮು, ಸುಸ್ತು, ರಕ್ತ. ಇವುಗಳಲ್ಲಿ ಮೂರು ಅಥವಾ ಹೆಚ್ಚು ಒಟ್ಟಿಗೆ ಕೆಟ್ಟು, 48 ಗಂಟೆ ಹಾಗೇ ಉಳಿದರೆ ಕಾಯಿಲೆ ಕೆರಳಿದೆ ಅಂತ ಅರ್ಥ. ಆಗ ಡಾಕ್ಟರಿಗೆ ಫೋನ್. ತುರ್ತಿಗೆ ಅಂತ ಅವರು ಮೊದಲೇ ಬರೆದುಕೊಟ್ಟಿರುವ 14 ದಿನದ ಬೇರೆ ಆ್ಯಂಟಿಬಯೋಟಿಕ್ ಮನೆಯಲ್ಲಿದೆ. ಅದರ ಮೊದಲ ಮಾತ್ರೆ ನುಂಗುವ ಮುಂಚೆ ಕಫದ ಸ್ಯಾಂಪಲ್ ತೆಗೆದಿಡುತ್ತೇನೆ. ನುಂಗಿದ ಮೇಲೆ ತೆಗೆದರೆ ಕಳ್ಳ ಓಡಿಹೋದ ಮೇಲೆ ಬೆರಳಚ್ಚು ಹುಡುಕಿದ ಹಾಗೆ.

48 ಗಂಟೆ ಕಾಯಬಾರದ ಸಂದರ್ಭಗಳೂ ಇವೆ. ಕಫದಲ್ಲಿ ರಕ್ತದ ಎಳೆ ಕಂಡರೆ ಅದೇ ದಿನ ತಿಳಿಸಿ. ಒಂದೆರಡು ಚಮಚ ತಾಜಾ ರಕ್ತ ಬಂದರೆ ನೇರ ಆಸ್ಪತ್ರೆ. ಚಳಿ ನಡುಗಿ ಜ್ವರ, ಮಾತಾಡಲೂ ಆಗದಷ್ಟು ದಮ್ಮು, ಗೊಂದಲ, ತುಟಿ ನೀಲಿ, ಇವೂ ಅಷ್ಟೇ.

ನೆಬ್ಯುಲೈಸರ್ ಕಲಿಸಿದ ಪಾಠ

ಮೂರನೇ ವರ್ಷ ಕಲ್ಚರ್‌ನಲ್ಲಿ ಸೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಬಂತು. ನಮ್ಮಂಥವರು ಕೇಳಲು ಇಷ್ಟಪಡದ ಹೆಸರು ಅದು. ಒದ್ದೆ ಜಾಗ ಅಂದರೆ ಅದಕ್ಕೆ ಪ್ರಾಣ. ಸಿಂಕು, ಪೈಪು, ತೇವದ ಸ್ಪಂಜು, ಎಲ್ಲಾ ಕಡೆ ಇರುತ್ತದೆ. ಆ ಹೊತ್ತಿಗೆ ನಾನು ನೆಬ್ಯುಲೈಸರ್ ಬಟ್ಟಲನ್ನು ನಲ್ಲಿ ನೀರಲ್ಲಿ ಜಾಲಿಸಿ, ಒದ್ದೆಯಾಗಿಯೇ ಡಬ್ಬಿಯೊಳಗೆ ಹಾಕಿ ಮುಚ್ಚುತ್ತಿದ್ದೆ. ಅಲ್ಲಿಂದಲೇ ಬಂತು ಅಂತ ಯಾರೂ ಹೇಳಲಾರರು. ಡಾಕ್ಟರೂ ಹೇಳಲಿಲ್ಲ. ನನಗೆ ಮಾತ್ರ ಆ ಡಬ್ಬಿ ನೋಡಿದಾಗಲೆಲ್ಲ ಕಸಿವಿಸಿ.

ಈಗ ಹೀಗೆ ಮಾಡುತ್ತೇನೆ. ಪ್ರತಿ ಸಲ ಆದ ಮೇಲೆ ಭಾಗ ಭಾಗ ಬಿಚ್ಚಿ, ಸೋಪು ಹಾಕಿದ ಬಿಸಿನೀರಲ್ಲಿ ತೊಳೆಯುತ್ತೇನೆ. ದಿನಕ್ಕೊಮ್ಮೆ ಐದು ನಿಮಿಷ ಕುದಿಸುತ್ತೇನೆ. ನಿಮ್ಮ ಬಟ್ಟಲು ಕುದಿಸಲು ತಡೆಯುತ್ತದಾ ಅಂತ ಅದರ ಜೊತೆ ಬಂದ ಕಾಗದದಲ್ಲಿ ನೋಡಿ. ಕೆಲವು ತಡೆಯುವುದಿಲ್ಲ. ಅಂಥವನ್ನು ಹೇಗೆ ಶುದ್ಧ ಮಾಡಬೇಕು ಅಂತ ಅದೇ ಕಾಗದದಲ್ಲಿರುತ್ತದೆ. ವಿನೆಗರ್ ಸಾಕು ಅಂತ ಹಲವರು ಹೇಳುತ್ತಾರೆ, ಸಾಲದು. ಶುದ್ಧ ಮಾಡಿದ ಮೇಲೆ ಜಾಲಿಸಬೇಕಾದರೆ ಕುದಿಸಿ ಆರಿಸಿದ ನೀರೇ ಆಗಬೇಕು, ನಲ್ಲಿ ನೀರಲ್ಲ. ನೀರು ಝಾಡಿಸಿ, ಒಗೆದ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ, ಪೂರ್ತಿ ಒಣಗಿದ ಮೇಲೆ ಎತ್ತಿಡಬೇಕು. ಗಾಳಿ ಬರುವ ಟ್ಯೂಬನ್ನು ನೀರಿಗೆ ಹಾಕಬೇಡಿ. ಯಂತ್ರದ ಫಿಲ್ಟರ್ ಬದಲಿಸುವ ತಾರೀಖನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿ, ಇಲ್ಲದಿದ್ದರೆ ಖಂಡಿತ ಮರೆಯುತ್ತೀರಿ.

ಆ ಸೂಡೊಮೊನಾಸ್ ಓಡಿಸಲು ಎರಡು ವಾರ ಸಿಪ್ರೊಫ್ಲಾಕ್ಸಾಸಿನ್, ಮೂರು ತಿಂಗಳು ಎಳೆದುಕೊಳ್ಳುವ ಕೊಲಿಸ್ಟಿನ್ ಬೇಕಾಯಿತು. ಸಿಪ್ರೊಫ್ಲಾಕ್ಸಾಸಿನ್ನೂ ಹೃದಯದ ಲಯದ ಮೇಲೆ ಕೈಯಾಡಿಸುತ್ತದೆ. ಹಾಗಾಗಿ ಅಷ್ಟು ದಿನ ಅಜಿತ್ರೋಮೈಸಿನ್ ನಿಲ್ಲಿಸಿದರು. ಡಾಕ್ಟರ್ ನಿಲ್ಲಿಸಿದ್ದು ಅಂದೆನಲ್ಲ, ಅದು ಇದೇ. ಸಿಪ್ರೊಫ್ಲಾಕ್ಸಾಸಿನ್ ತೆಗೆದುಕೊಳ್ಳುವಾಗ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಹೊಟ್ಟೆಯುರಿಯ ಔಷಧಿ ಹತ್ತಿರ ಹತ್ತಿರ ನುಂಗಿದರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ. ಹಿಮ್ಮಡಿಯ ಮೇಲಿನ ನರದಂಥ ಭಾಗ ನೋಯಲು ಶುರುವಾದರೆ ನಿಲ್ಲಿಸಿ ತಕ್ಷಣ ಕೇಳಬೇಕು. ಆ ಔಷಧಿ ಸ್ನಾಯುರಜ್ಜು ಹರಿಯುವಂತೆ ಮಾಡಬಲ್ಲದು.

ಸೋಂಕಿನಿಂದ ದೂರ, ಜನರಿಂದ ದೂರವಿಲ್ಲದೆ

ಮೊದಲ ವರ್ಷ ನಾನು ಹೆಚ್ಚುಕಡಿಮೆ ಮನೆಯಲ್ಲೇ ಬಾಗಿಲು ಹಾಕಿಕೊಂಡೆ. ಯಾರು ಸೀನಿದರೂ ಎದ್ದು ಹೋಗುತ್ತಿದ್ದೆ. ಸೋಂಕು ಕಡಿಮೆಯಾಯಿತೋ ಇಲ್ಲವೋ, ನೆಂಟರು ಕಡಿಮೆಯಾದರು. ಈಗ ಆರಿಸಿ ಹೆದರುತ್ತೇನೆ.

ಶೀತ, ಜ್ವರ ಇರುವವರ ಜೊತೆ ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ಕೂರುವುದಿಲ್ಲ. ಕೂರಲೇಬೇಕಾದರೆ ಮಾಸ್ಕ್, ಕಿಟಕಿ ತೆರೆದು. ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಯಾವಾಗಲೂ ಮಾಸ್ಕ್. ಮನೆಗೆ ಬಂದ ಕೂಡಲೇ, ತಿನ್ನುವ ಮೊದಲು, ಶೌಚಾಲಯದ ನಂತರ ಸೋಪಿನಿಂದ ಇಪ್ಪತ್ತು ಸೆಕೆಂಡು ಕೈ ತೊಳೆಯುತ್ತೇನೆ. ಮಗಳು ಎಲ್ಲದಕ್ಕೂ ಸ್ಯಾನಿಟೈಸರ್ ಒತ್ತುತ್ತಾಳೆ. ಅದು ಒಳ್ಳೆಯದೇ, ಆದರೆ ಒಂದು ಕಡೆ ಸೋಲುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಮಣ್ಣಿನ ಕೆಲಸ ನನಗೆ ಇಷ್ಟ. ಬಿಟ್ಟಿಲ್ಲ. ಕುಂಡದ ಮಣ್ಣು, ಕೊಳೆತ ಗೊಬ್ಬರದಲ್ಲಿ ಶಿಲೀಂಧ್ರದ ಬೀಜಕಣ, ಆ ಕ್ಷಯದ ದಾಯಾದಿಗಳು ಎರಡೂ ಇರುತ್ತವೆ. ಅದಕ್ಕೇ ಗೊಬ್ಬರದ ಚೀಲ ನಮ್ಮನೆಯವರು ಬಿಚ್ಚುತ್ತಾರೆ. ಮಣ್ಣಿಗೆ ಮೊದಲು ನೀರು ಚಿಮುಕಿಸಿ, ಮಾಸ್ಕ್ ಹಾಕಿ, ಹೊರಗಡೆ ಗಾಳಿಯಲ್ಲೇ ಗಿಡ ನೆಡುತ್ತೇನೆ. ಬೂಷ್ಟು ಹಿಡಿದ ಗೋಡೆ ಕೆರೆಯುವುದು, ಮನೆ ಒಡೆಯುವ ಕಡೆ ನಿಂತು ನೋಡುವುದು ಪೂರ್ತಿ ಬಂದ್. ಬಿಸಿನೀರಿನ ದೊಡ್ಡ ತೊಟ್ಟಿಯ ಸ್ನಾನವೂ ಬೇಡ ಅಂದಿದ್ದಾರೆ. ಅಲ್ಲಿನ ಹಬೆಯ ಜೊತೆ ಅದೇ ದಾಯಾದಿಗಳು ಎದೆಗೆ ಇಳಿಯುತ್ತವೆ.

ಲಸಿಕೆ ವಿಷಯದಲ್ಲಿ ಚೌಕಾಸಿ ಮಾಡಬೇಡಿ. ಫ್ಲೂ ಲಸಿಕೆ ಪ್ರತಿ ವರ್ಷ, ಯಾಕೆಂದರೆ ವೈರಸ್ ಬಟ್ಟೆ ಬದಲಿಸುತ್ತಲೇ ಇರುತ್ತದೆ. ನ್ಯೂಮೋಕಾಕಸ್ ಲಸಿಕೆ ಯಾವಾಗ, ಎಷ್ಟು ಅಂತ ಡಾಕ್ಟರ್ ಹೇಳುತ್ತಾರೆ. ಗುಲ್ಮ ಇಲ್ಲದವರಿಗೆ ಮೆನಿಂಜೋಕಾಕಸ್, ಹಿಬ್ ಲಸಿಕೆಗಳೂ ಸೇರುತ್ತವೆ. ಮನೆಯವರೂ ಫ್ಲೂ ಲಸಿಕೆ ಹಾಕಿಸಿಕೊಂಡರೆ ಅರ್ಧ ಕಾವಲು ಅಲ್ಲೇ ಆಯಿತು. ಒಂದು ಸೂಕ್ಷ್ಮ: ಬಾಯಿಯಲ್ಲಿ ಕೊಡುವ ಟೈಫಾಯ್ಡ್ ಲಸಿಕೆಯಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತದೆ. ನಾವು ನುಂಗುವ ಮಾತ್ರೆ ಅದನ್ನೇ ಕೊಂದುಹಾಕಬಹುದು. ಲಸಿಕೆ ಕೊಡುವವರಿಗೆ ಮೊದಲೇ ತಿಳಿಸಿ.

ಹಲ್ಲು ಮರೆಯಬೇಡಿ. ಬಾಯಿಯ ಕೊಳೆ ಎದೆಗೆ ಇಳಿಯುತ್ತದೆ. ಹೃದಯದ ಕವಾಟ ಕೆಟ್ಟವರಿಗಂತೂ ರಕ್ತದ ಮೂಲಕ ಆ ಕವಾಟಕ್ಕೇ ಹೋಗಿ ಸೇರಬಹುದು. ಹಲ್ಲಿನ ಡಾಕ್ಟರಿಗೆ ನಿಮ್ಮ ಆ್ಯಂಟಿಬಯೋಟಿಕ್ ಹೆಸರು ಹೇಳಿ.

ಮಾತ್ರೆಯ ಕಾಟ

ಮೊದಲ ತಿಂಗಳು ಹೊಟ್ಟೆ ಗುಡುಗುಡು. ಊಟದ ಜೊತೆ ತೆಗೆದುಕೊಂಡ ಮೇಲೆ ಕಡಿಮೆಯಾಯಿತು. ಸಣ್ಣಪುಟ್ಟ ಭೇದಿ ಮಾಮೂಲಿ. ಆದರೆ ದಿನಕ್ಕೆ ಮೂರು ಅಥವಾ ಜಾಸ್ತಿ ಸಲ ನೀರಾಗಿ ಹೋಗಿ, ಜೊತೆಗೆ ಹೊಟ್ಟೆನೋವು, ಜ್ವರ ಅಥವಾ ರಕ್ತ ಇದ್ದರೆ ಭೇದಿ ನಿಲ್ಲಿಸುವ ಮಾತ್ರೆ ತೆಗೆದುಕೊಳ್ಳಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತ ಜಾಗದಲ್ಲಿ ಸಿ ಡಿಫ್ ಅನ್ನುವ ಕೆಟ್ಟ ಬ್ಯಾಕ್ಟೀರಿಯಾ ಬೆಳೆದಿರಬಹುದು. ಸ್ಯಾನಿಟೈಸರ್ ಸೋಲುವುದು ಇದರ ಮುಂದೆಯೇ. ಇದರ ಬೀಜಕಣ ಅದಕ್ಕೆ ಸಾಯುವುದಿಲ್ಲ. ಸೋಪು, ನೀರು, ಉಜ್ಜುವುದು, ಅಷ್ಟೇ ದಾರಿ.

ನಾಲಿಗೆ ಮೇಲೆ ಬಿಳಿ ಪದರ, ಹೆಂಗಸರಿಗೆ ಕೆಳಗೆ ತುರಿಕೆ ಬಂದರೆ ಅದು ಫಂಗಸ್ ಇರಬಹುದು. ಸ್ಟೀರಾಯ್ಡ್ ಇನ್ಹೇಲರ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ. ಸಂಕೋಚ ಬಿಟ್ಟು ಕೇಳಿ, ಔಷಧಿ ಇದೆ. ಅಂಗಡಿಯಿಂದ ನೀವೇ ಫ್ಲುಕೊನಜೋಲ್ ಮಾತ್ರೆ ತಂದು ನುಂಗಬೇಡಿ. ಅದೂ ಹೃದಯದ ಲಯ ಕೆಡಿಸುವ ಗುಂಪಿನದೇ.

ಕಿವಿಯ ಕತೆ ಮಗಳು ಹಿಡಿದಳು. "ಅಮ್ಮಾ, ಟಿವಿ ಇಷ್ಟು ಜೋರಾ? ಕೆಳಗಿನ ಮನೆಗೆ ಕೇಳುತ್ತೆ" ಅಂದಳು. ನಾನು ಒಪ್ಪಲಿಲ್ಲ, ಜಗಳವೇ ಆಯಿತು. ಆಮೇಲೆ ಗಮನಿಸಿದೆ, ರಾತ್ರಿ ನಿಶ್ಶಬ್ದದಲ್ಲಿ ಕಿವಿಯೊಳಗೆ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಪರೀಕ್ಷೆಯಲ್ಲಿ ಸ್ವಲ್ಪ ಇಳಿದಿತ್ತು. ಡೋಸ್ 250ಕ್ಕೆ ಇಳಿಸಿದರು. ಕೆಲವು ತಿಂಗಳಲ್ಲಿ ಗುಂಯ್ ನಿಂತಿತು. ಹೆಚ್ಚಿನವರಲ್ಲಿ ಬೇಗ ಹಿಡಿದರೆ ಇದು ಸರಿಹೋಗುತ್ತದಂತೆ. ಟಿವಿಯ ಶಬ್ದದ ಅಂಕಿಯನ್ನು ತಿಂಗಳಿಗೊಮ್ಮೆ ಬರೆದಿಡಿ. ಕಿವಿ ಸುಳ್ಳು ಹೇಳುತ್ತದೆ, ರಿಮೋಟ್ ಹೇಳುವುದಿಲ್ಲ.

ಬೇರೆ ಔಷಧಿಗಳ ಜೊತೆ ಜಗಳ ಆಗುತ್ತದೆ ಅನ್ನುವುದು ನನಗೆ ಒಂದು ವಾಂತಿಯ ಮಾತ್ರೆಯಿಂದ ಗೊತ್ತಾಯಿತು. ಒಂದು ಕ್ಲಿನಿಕ್ಕಿನಲ್ಲಿ ಏನೂ ಕೇಳದೆ ಡೊಂಪೆರಿಡೋನ್ ಬರೆದರು. ನಾನೂ ಏನೂ ಹೇಳಲಿಲ್ಲ. ಔಷಧಿ ಅಂಗಡಿಯ ಹುಡುಗಿ ನನ್ನ ಹಳೇ ಚೀಟಿ ನೋಡಿ, "ಮೇಡಂ, ಇವೆರಡೂ ಒಟ್ಟಿಗೆ ಬೇಡ, ಒಂದ್ಸಲ ಕೇಳ್ಕೊಳ್ಳಿ" ಅಂದಳು. ಅವಳಿಗೆ ಇವತ್ತಿಗೂ ಋಣಿ. ಕೆಲವು ವಾಂತಿಯ ಮಾತ್ರೆ, ಕೆಲವು ಖಿನ್ನತೆಯ ಮಾತ್ರೆ, ಹೈಡ್ರಾಕ್ಸಿಕ್ಲೋರೋಕ್ವಿನ್, ಇವೆಲ್ಲ ಹೃದಯದ ಲಯ ಕೆಡಿಸಬಲ್ಲ ಔಷಧಿಗಳ ಪಟ್ಟಿಯಲ್ಲಿವೆ. ಎದೆ ಡವಡವ, ತಲೆಸುತ್ತಿ ಬೀಳುವಂತಾದರೆ ಕಾಯಬೇಡಿ. ಅಲ್ಯುಮಿನಿಯಂ, ಮೆಗ್ನೀಸಿಯಂ ಇರುವ ಹೊಟ್ಟೆಯುರಿಯ ಔಷಧಿಗೂ ಅಜಿತ್ರೋಮೈಸಿನ್‌ಗೂ ಎರಡು ಗಂಟೆ ಅಂತರ ಇರಲಿ.

ಬಿಡುವುದು, ಮರೆಯುವುದು, ಹಂಚುವುದು

ನಾನೇ ನಿಲ್ಲಿಸಿದ ಕತೆ ಇದು. ಐದನೇ ವರ್ಷ ನಾಲ್ಕು ತಿಂಗಳು ಒಂದೂ ಸಲ ಕೆರಳಲಿಲ್ಲ. ಪುಸ್ತಕದ ತುಂಬ ಬರೀ 1, 2. ಗುಣವಾಯಿತು ಅಂದುಕೊಂಡೆ. ಯಾರಿಗೂ ಹೇಳದೆ ಮಾತ್ರೆ ಬಿಟ್ಟೆ. ಅದರ ಜೊತೆ ಬೆಳಗಿನ ಉಸಿರಾಟದ ಸುತ್ತೂ ಬಿಟ್ಟುಹೋಯಿತು. ಒಂದು ಸೋಮಾರಿತನ ಇನ್ನೊಂದನ್ನು ಕೈಹಿಡಿದು ಕರೆದುಕೊಂಡು ಹೋಗುತ್ತದೆ. ಆರನೇ ವಾರ ಜ್ವರ, 4 ನಂಬರ್ ಕಫ, ಹದಿನಾಲ್ಕು ದಿನ ಬೇರೆ ಆ್ಯಂಟಿಬಯೋಟಿಕ್. ಡಾಕ್ಟರ್ ಬೈಯಲಿಲ್ಲ. "ನಿಲ್ಲಿಸಿ ನೋಡೋದು ತಪ್ಪಲ್ಲ, ಹೇಳದೆ ನಿಲ್ಲಿಸೋದು ತಪ್ಪು" ಅಂದರು. ನಿಜಕ್ಕೂ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಈ ಮಾತ್ರೆ ಇನ್ನೂ ಬೇಕಾ ಅಂತ ಕೂತು ನೋಡಬೇಕು. ಅವರು ಮರೆತರೆ ನೀವು ಕೇಳಿ. ಲೆಕ್ಕದ ಪುಸ್ತಕ ಮುಂದಿಟ್ಟರೆ ಆ ಮಾತು ಐದು ನಿಮಿಷದಲ್ಲಿ ಮುಗಿಯುತ್ತದೆ.

ಒಂದು ಡೋಸ್ ಮರೆತರೆ ನೆನಪಾದಾಗ ತೆಗೆದುಕೊಳ್ಳುತ್ತೇನೆ. ಮುಂದಿನದಕ್ಕೆ ತೀರಾ ಹತ್ತಿರ ಬಂದಿದ್ದರೆ ಬಿಟ್ಟುಬಿಡುತ್ತೇನೆ. ಎರಡು ಒಟ್ಟಿಗೆ ಯಾವತ್ತೂ ಇಲ್ಲ.

ನೆಗಡಿಗೆ ಇನ್ನೊಂದು ಆ್ಯಂಟಿಬಯೋಟಿಕ್ ಬರೆಸಿಕೊಳ್ಳಬೇಡಿ. ನೆಗಡಿ ವೈರಸ್ಸಿನದು, ಅದಕ್ಕೆ ಇದು ತಾಗುವುದಿಲ್ಲ. ಪಕ್ಕದ ಮನೆಯವರು "ನಿಮ್ಮತ್ರ ಇರುತ್ತಲ್ಲ, ಎರಡು ಕೊಡಿ, ಗಂಟಲು ನೋವು" ಅಂದಾಗ ಇಲ್ಲ ಅನ್ನುವುದು ಕಷ್ಟ. ನಾನು ಈಗ ಇಲ್ಲ ಅನ್ನುತ್ತೇನೆ. ಇದರಲ್ಲಿ ನನಗೆ ಒಂದು ಅಳುಕೂ ಇದೆ. ವರ್ಷಗಟ್ಟಲೆ ಈ ಮಾತ್ರೆ ನುಂಗುವವರ ಬಾಯಿ, ಗಂಟಲಿನ ಬ್ಯಾಕ್ಟೀರಿಯಾಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ. 1945ರಲ್ಲಿ ನೊಬೆಲ್ ಭಾಷಣ ಮಾಡುವಾಗಲೇ ಪೆನಿಸಿಲಿನ್‌ನ ಫ್ಲೆಮಿಂಗ್ ಅರೆಬರೆ ಡೋಸಿನ ಅಪಾಯ ಹೇಳಿದ್ದ. ನನಗೆ ಬೇಕಾಗಿದ್ದಕ್ಕೆ ತೆಗೆದುಕೊಳ್ಳುತ್ತಿದ್ದೇನೆ, ಸರಿ. ಬೇಡದ ಕಡೆ ಒಂದು ಮಾತ್ರೆಯನ್ನೂ ಖರ್ಚು ಮಾಡಬಾರದು ಅನ್ನುವ ಹಟ ಅದರಿಂದಲೇ ಬಂತು.

ಪರ್ಸಿನಲ್ಲಿರುವ ಚೀಟಿ

ಊರು ಬಿಟ್ಟು ಹೋಗುವಾಗ ಮಾತ್ರೆ ಎರಡು ಕಡೆ ಇಡುತ್ತೇನೆ, ಅರ್ಧ ಕೈಚೀಲದಲ್ಲಿ, ಅರ್ಧ ದೊಡ್ಡ ಪೆಟ್ಟಿಗೆಯಲ್ಲಿ. ಹೋಗುವ ದಿನಕ್ಕಿಂತ ಒಂದು ವಾರದ್ದು ಜಾಸ್ತಿ. ತುರ್ತಿನ 14 ದಿನದ ಕೋರ್ಸ್, ಒಂದು ಖಾಲಿ ಸ್ಯಾಂಪಲ್ ಡಬ್ಬಿ, ನೆಬ್ಯುಲೈಸರ್ ಒಣಗಿಸಲು ಒಂದು ಶುದ್ಧ ಬಟ್ಟೆ.

ಪರ್ಸಿನಲ್ಲಿ ಮಡಚಿಟ್ಟ ಚೀಟಿ ಇದೆ. ಹೊಸ ಡಾಕ್ಟರ ಮುಂದೆ ಕೂತರೆ ಮಾತಾಡುವ ಮೊದಲು ಅದನ್ನೇ ಕೊಡುತ್ತೇನೆ. ನಿಮ್ಮದನ್ನು ನೀವು ಹೀಗೆ ಬರೆದುಕೊಳ್ಳಬಹುದು:

"ನನಗೆ ಬ್ರಾಂಕಿಯೆಕ್ಟಾಸಿಸ್ ಇದೆ. ಅಜಿತ್ರೋಮೈಸಿನ್ 250 ಮಿಲಿಗ್ರಾಂ, ವಾರಕ್ಕೆ ಮೂರು ಸಲ, ಏಳು ವರ್ಷದಿಂದ. ಕ್ಯುಟಿ ಹೆಚ್ಚಿಸುವ ಔಷಧಿ ಕೊಡುವ ಮೊದಲು ದಯವಿಟ್ಟು ಇಸಿಜಿ ನೋಡಿ. ಒಮ್ಮೆ ಸೂಡೊಮೊನಾಸ್ ಬಂದಿತ್ತು. ಹೊಸ ಆ್ಯಂಟಿಬಯೋಟಿಕ್ ಕೊಡುವುದಾದರೆ ಮೊದಲು ಕಫದ ಕಲ್ಚರ್ ಕಳಿಸಿ. ಕೊನೆಯ ಕಲ್ಚರ್ ವರದಿ ಈ ಚೀಟಿಯ ಹಿಂದೆ ಅಂಟಿಸಿದೆ. ಔಷಧಿ ಅಲರ್ಜಿ ಇಲ್ಲ. ಎದೆಯ ಡಾಕ್ಟರ ನಂಬರ್ ಕೆಳಗಿದೆ."